ಹತ್ತನೇ ಸಲ ಕೇಳಿದಾಗ

ರೇಡಿಯೋಹೆಡ್ ತಂಡದ ‘ಕಿಡ್ ಎ’ ಮೊದಲ ಸಲ ಕೇಳಿದಾಗ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೂ ಹಾಸ್ಟೆಲಿನ ಗೆಳೆಯರ ಮುಂದೆ ‘ಅದ್ಭುತ’ ಎಂದೆ. ರೂಮ್‌ಮೇಟ್ ಮಾತ್ರ ಮೂರು ಹಾಡು ಕೇಳಿ, ಇಯರ್‌ಫೋನ್ ಕಿತ್ತಿಟ್ಟು, ‘ನಂಗೆ ಆಗಲ್ಲ ಮಾರಾಯ’ ಎಂದು ಊಟಕ್ಕೆ ಹೋದ. ನಮ್ಮಿಬ್ಬರಲ್ಲಿ ಆ ಸಂಗೀತಕ್ಕೆ ಮರ್ಯಾದೆ ಕೊಟ್ಟವನು ಅವನೇ.

1997ರ ‘ಓಕೆ ಕಂಪ್ಯೂಟರ್’ನಿಂದ ದೊಡ್ಡ ಹೆಸರು ಮಾಡಿದ್ದ ಈ ಇಂಗ್ಲಿಷ್ ತಂಡ 2000ದ ಅಕ್ಟೋಬರಿನಲ್ಲಿ ಗಿಟಾರುಗಳನ್ನು ಬಹುಪಾಲು ಬದಿಗಿಟ್ಟು ಬಂತು. ಥಾಮ್ ಯಾರ್ಕ್‌ನ ದನಿ ಯಂತ್ರದೊಳಗೆ ಹೊಕ್ಕು ಹೊರಬಂದಂತಿತ್ತು. ಒಂದು ಹಾಡಿನಲ್ಲಂತೂ ತುತ್ತೂರಿ, ಸ್ಯಾಕ್ಸೊಫೋನುಗಳು ಒಂದರ ಮೇಲೊಂದು ಬಿದ್ದು ಅರಚುತ್ತವೆ. ಒಂದೂ ಸಿಂಗಲ್ ಬಿಡದೆ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಕೆಲವು ವಿಮರ್ಶಕರು ಬೈದರು. ದಶಕ ಮುಗಿಯುವಾಗ ‘ರೋಲಿಂಗ್ ಸ್ಟೋನ್’ ಪತ್ರಿಕೆ ಅದನ್ನೇ ದಶಕದ ಶ್ರೇಷ್ಠ ಆಲ್ಬಮ್ ಎಂದಿತು.

ನಾನು ಇಂಥ ಪಟ್ಟಿ ಓದಿಯೇ ಕೇಳಲು ಕೂತವನು. ಆಡಿದ ಮಾತು ಉಳಿಸಿಕೊಳ್ಳಲು ಮತ್ತೆ ಮತ್ತೆ ಕೇಳಿದೆ. ಹತ್ತನೇ ಸಲವಿರಬೇಕು, ರಾತ್ರಿ ಬಸ್ಸಿನಲ್ಲಿ ಮೊದಲ ಹಾಡಿನ ಕೀಬೋರ್ಡ್ ಶುರುವಾದಾಗ ಎದೆ ಕಲಕಿತು. ಪಕ್ಕದಲ್ಲಿ ಮೆಚ್ಚಿಸಬೇಕಾದವರು ಯಾರೂ ಇರಲಿಲ್ಲ.

ಈ ಇಷ್ಟ ನನ್ನದೋ, ಪಟ್ಟಿ ಕಲಿಸಿದ್ದೋ? ಕಲಿತದ್ದೆಂದ ಮಾತ್ರಕ್ಕೆ ಅದು ಸುಳ್ಳಾಗದು. ಹಾಗಲಕಾಯಿ ಗೊಜ್ಜನ್ನೂ ನಾನು ಕಲಿತೇ ತಿಂದದ್ದು. ನನ್ನನ್ನು ಕಾಡುವುದು ಬೇರೆ: ಅಂದು ಸುಳ್ಳು ಹೇಳದಿದ್ದರೆ ಎರಡನೇ ಸಲವೂ ಕೇಳುತ್ತಿರಲಿಲ್ಲ. ಹಾಗಾದರೆ ಈ ನಿಜವಾದ ಪ್ರೀತಿಗೆ ಆ ಸುಳ್ಳಿನ ಋಣವಿದೆಯೇ?

ಮೊನ್ನೆ ರೂಮ್‌ಮೇಟಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ‘ಗೊತ್ತಿತ್ತು ಬಿಡೋ’ ಎಂದ.