ಹರಿಯುವ ನಾದ, ಮನೆಯ ಇಡುಗಂಟು

ಹರಿಯುವ ಹೊಳೆಯಿಂದ ಒಂದು ಕೊಡ ನೀರು ತಂದವನನ್ನು ಯಾರೂ ಕಳ್ಳನೆನ್ನುವುದಿಲ್ಲ. ಅಂತರಜಾಲದಲ್ಲಿ ಹರಿದುಬರುವ ಸಂಗೀತವನ್ನೋ ನಾಟಕವನ್ನೋ ಮನೆಯ ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡವನಿಗೂ ಈ ಮಾತು ಸಲ್ಲುತ್ತದೆಯೇ? ಹೊರನಾಡಿನಲ್ಲಿರುವ ನಮಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಹಿಂದೆ ಧಾರವಾಡ, ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗಗಳು ಹಗಲುಹೊತ್ತು ದೆಹಲಿಯಂಥ ದೂರದ ಊರನ್ನು ಮುಟ್ಟುತ್ತಿರಲಿಲ್ಲ. ಇಂದು ಅಂತರಜಾಲದಿಂದಾಗಿ ಆ ದೂರ ಅಳಿದಿದೆ. ಆದರೆ ಕಾರ್ಯಕ್ರಮದ ಹೊತ್ತಿಗೆ ನಮ್ಮಲ್ಲಿ ಹಲವರು ಕಚೇರಿಯಲ್ಲಿರುತ್ತೇವೆ. ಮುದ್ರಿಸಿಕೊಂಡು ರಾತ್ರಿ ಕೇಳೋಣವೆನಿಸುವುದು ಸಹಜ.

ಕೆಲಸವೂ ಸುಲಭವೇ. ಸ್ಪೀಕರನ್ನು ಮುಟ್ಟುವ ಮುನ್ನ ಧ್ವನಿಯು ಯಂತ್ರದೊಳಗೆ ಅಂಕಿಗಳ ಸಾಲಾಗಿರುತ್ತದೆ. 2000ದಲ್ಲಿ ಬಿಡುಗಡೆಯಾದ, ಉಚಿತವಾಗಿ ದೊರೆಯುವ ಆಡಾಸಿಟಿಯಂಥ ತಂತ್ರಾಂಶವು ಆ ಅಂಕಿಗಳನ್ನೇ ಹಿಡಿದಿಡಬಲ್ಲದು. ಸೆಕೆಂಡಿಗೆ 44,100 ಮಾದರಿಗಳಂತೆ, 16 ಬಿಟ್‌ಗಳಲ್ಲಿ, ಸ್ಟೀರಿಯೋ ಆಗಿ ಉಳಿಸಿದರೆ ಗಂಟೆಗೆ ಸುಮಾರು 635 ಮೆಗಾಬೈಟ್. 128 ಕಿಲೋಬಿಟ್‌ನ ಎಂಪಿ3ಗೆ ಇಳಿಸಿದರೆ ಸುಮಾರು 58. ಕ್ಯಾಸೆಟ್ಟಿನ ಕಾಲದಲ್ಲಿ ನಕಲಿನಿಂದ ನಕಲಿಗೆ ಧ್ವನಿ ಮಾಸುತ್ತಿತ್ತು. ಇಲ್ಲಿ ಸಾವಿರನೆಯ ನಕಲೂ ಮೊದಲಿನಷ್ಟೇ ಸ್ವಚ್ಛ. ಹೊಳೆಯ ಹೋಲಿಕೆ ಸೋಲುವುದು ಇಲ್ಲಿಯೇ: ಎಷ್ಟು ಮನೆಗೆ ಹಂಚಿದರೂ ಈ ಕೊಡ ಬರಿದಾಗದು.

ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 39ನೆಯ ಕಲಮು, ಮುದ್ರಿಸಿಕೊಂಡವನ ಸ್ವಂತ ಬಳಕೆಗಾಗಿ ಮಾಡಿದ ಮುದ್ರಣವನ್ನು ಪ್ರಸಾರದ ಹಕ್ಕಿನ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಚಂದಾ ಕಟ್ಟಿ ಕೇಳುವ ಸೇವೆಗಳ ಮಾತು ಬೇರೆ. ಮುದ್ರಿಸಕೂಡದೆಂಬ ಕರಾರನ್ನು ಒಪ್ಪಿಯೇ ಅಲ್ಲಿ ಸೇರಿದ್ದರೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು. ಇರಲಿ, ರಾತ್ರಿ ಕುಳಿತು ಕೇಳುವವನು ಬದಲಿಸಿದ್ದು ಹೊತ್ತನ್ನು ಮಾತ್ರ. ಅದನ್ನೇ ನೂರು ಜನರ ವಾಟ್ಸ್‌ಆ್ಯಪ್ ಬಳಗಕ್ಕೆ ಕಳಿಸಿದವನು ತಾನೇ ಒಂದು ಬಾನುಲಿ ಕೇಂದ್ರವಾದಂತೆ. "ನಾವೇನು ದುಡ್ಡು ತೆಗೆದುಕೊಂಡೆವೇ? ಕನ್ನಡದ ಸೇವೆ ತಾನೇ?" ಎನ್ನುವವರಿದ್ದಾರೆ. ಆದರೆ ದಾನ ಮಾಡುವ ವಸ್ತು ಮೊದಲು ನಮ್ಮದಾಗಿರಬೇಕಲ್ಲವೇ? ಹಾಡಿದವರ ಶ್ರಮವನ್ನು ದಾನ ಮಾಡಿ ಪುಣ್ಯವನ್ನು ನಾವು ಬರೆದುಕೊಳ್ಳುವುದು ಯಾವ ನ್ಯಾಯ?

ಹಾಗೆಂದು ಕೂಡಿಡುವುದೆಲ್ಲ ದುರಾಸೆಯೂ ಅಲ್ಲ. 1960 ಮತ್ತು 70ರ ದಶಕಗಳಲ್ಲಿ ಬಿಬಿಸಿ ಸಂಸ್ಥೆಯು ತನ್ನ ಎಷ್ಟೋ ಕಾರ್ಯಕ್ರಮಗಳ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. 'ಡಾಕ್ಟರ್ ಹೂ' ಧಾರಾವಾಹಿಯ ಕಳೆದುಹೋದ ಕಂತುಗಳ ಧ್ವನಿಯಾದರೂ ಉಳಿದಿರುವುದು, ಅಂದು ಮನೆಗಳಲ್ಲಿ ಅದನ್ನು ಮುದ್ರಿಸಿಕೊಂಡಿದ್ದ ಅಭಿಮಾನಿಗಳಿಂದ. ಒಡೆಯನೇ ಕಳೆದುಕೊಂಡದ್ದನ್ನು ಕೇಳುಗ ಕಾಪಾಡಿದ.

ನಮ್ಮ ಹಿರಿಯರಿಗೆ ಇಡುಗಂಟೆಂಬುದು ತಿಳಿದಿತ್ತು. ನೆರೆಯವರು ನಂಬಿ ಇಟ್ಟುಹೋದ ಗಂಟನ್ನು ಕಾಯಬಹುದು, ಖರ್ಚು ಮಾಡಬಾರದು. ಕೇಳಿದ ದಿನ ಮರಳಿಸಬೇಕು. ಮುದ್ರಿಸಿಟ್ಟ ಧ್ವನಿಯೂ ಅಂಥದೇ ಎಂದು ನಮಗೆ ತೋರುತ್ತದೆ. ಕಲಾವಿದರ ಹೆಸರು, ಕೇಂದ್ರ, ದಿನಾಂಕಗಳನ್ನು ಜೊತೆಗೆ ಬರೆದಿಡೋಣ. ಗೆಳೆಯರಿಗೆ ರುಚಿ ಹತ್ತಿಸಬೇಕಾದರೆ ಕಾರ್ಯಕ್ರಮದ ವೇಳೆಯನ್ನು ತಿಳಿಸೋಣ. ಅವರೂ ಮೂಲದಲ್ಲೇ ಕೇಳಲಿ. ಮೂಲವೇ ನಾಶವಾದ ದಿನ ಗಂಟನ್ನು ಒಡೆಯರಿಗೆ ಒಪ್ಪಿಸೋಣ. ಅಲ್ಲಿಯವರೆಗೆ ನಾವು ಕಾವಲುಗಾರರು, ಒಡೆಯರಲ್ಲ.