ಎರಡೂವರೆ ಇಂಚು

ನಮ್ಮ ಮನೆಯ ಹಳೆಯ ಜೀಪನ್ನು ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಎರಡೂವರೆ ಇಂಚು ಎತ್ತರಿಸಿದೆವು. ಎರಡೂವರೆ ಇಂಚೆಂದರೆ ಎಷ್ಟು ಮಹಾ? ಸೀರೆಗೆ ಹಚ್ಚುವ ಫಾಲ್ಸಿನ ಅರ್ಧ ಅಗಲ. ಅಷ್ಟು ಸಣ್ಣ ಅಳತೆ ನನ್ನ ಎಷ್ಟೋ ರಾತ್ರಿಗಳ ನಿದ್ದೆ ಕೆಡಿಸೀತೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಪೇಟೆಯಲ್ಲಿರುವ ನಿಮಗೆ, ಕಾರಿನ ಹೊಟ್ಟೆ ರೋಡ್ ಹಂಪಿಗೆ ತಾಗಿ 'ಕರ್' ಎಂದಾಗ ಹಲ್ಲು ಜುಮ್ಮೆನ್ನುವುದು ಗೊತ್ತು. ಕೊಪ್ಪದ ಕಡೆಯ ನಮ್ಮಂಥ ಒಂಟಿ ಮನೆಗಳಲ್ಲಿ ಅದು ನಿತ್ಯದ ಸಂಗೀತ. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರು ಮಣ್ಣಿನ ದಾರಿ. ಮಳೆ ಹಿಡಿದರೆ ಚಕ್ರ ಓಡುವ ಎರಡು ಸಾಲು ಕೊರೆದು ಕಾಲುವೆಯಾಗುತ್ತವೆ, ನಡುವೆ ದಿಬ್ಬ ಉಳಿಯುತ್ತದೆ. ನಮ್ಮದು 1989ರ ಮಹೀಂದ್ರಾ ಎಂಎಂ 540. ಮೂವತ್ತು ವರ್ಷಕ್ಕೂ ಮೀರಿ ಅಡಿಕೆ ಮೂಟೆ ಹೊತ್ತು ಅದರ ಕಮಾನಿನ ಪ್ಲೇಟುಗಳು ಬೆನ್ನು ಬಾಗಿದ ಮುದುಕರ ಹಾಗಲ್ಲ, ಅದಕ್ಕೆ ತದ್ವಿರುದ್ಧವಾಗಿ, ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು.

ಮಗ ಎಲ್ಲಿಂದಲೋ ವಿಚಾರಿಸಿಕೊಂಡು ಬಂದ. ಹೊಸ ಪ್ಲೇಟು, ಉದ್ದನೆಯ ಶಾಕ್ ಅಬ್ಸಾರ್ಬರ್ ಎಲ್ಲ ಸೇರಿದ ಒಂದು ಸೆಟ್ಟಿಗೆ 48 ಸಾವಿರ. ಮನೆಯ ಖರ್ಚಿನ ಪುಸ್ತಕ ನನ್ನ ಕೈಯಲ್ಲಿರುವುದು. "ಇದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲವೇನೋ?" ಎಂದು ಕೇಳಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದೆಲ್ಲ ಆ ಪ್ರಶ್ನೆಯ ಸಂತಾನ.

ಪೇಟೆಯ ಗ್ಯಾರೇಜಿನಲ್ಲಿ 11 ಸಾವಿರಕ್ಕೆ ಒಪ್ಪಿಕೊಂಡರು. ನಾನೂ ಹೋಗಿ ಸ್ಟೂಲು ಹಾಕಿಸಿಕೊಂಡು ಕೂತೆ. ಪ್ಲೇಟುಗಳನ್ನು ಕಳಚಿ, ಒಂದೊಂದನ್ನೂ ಬಡಿದು ಮತ್ತೆ ಬಾಗು ತಂದರು. ಅದರಿಂದ ಸುಮಾರು ಒಂದೂವರೆ ಇಂಚು ಸಿಕ್ಕಿತು. ಕಮಾನಿನ ಒಂದು ತುದಿ ಜೋತಾಡುವ ಶ್ಯಾಕಲ್ ಎಂಬ ಜೋಡಿ ಪಟ್ಟಿಗಳಿವೆಯಲ್ಲ, ಅವನ್ನು ಎರಡು ಇಂಚು ಉದ್ದ ಮಾಡಿ ಹಾಕಿದರು. ಎರಡು ಇಂಚಿಗೆ ಎರಡು ಇಂಚು ಏರಬೇಕಲ್ಲ ಎಂದರೆ, ಏರುವುದಿಲ್ಲವಂತೆ. ಕಮಾನಿನ ಒಂದು ತುದಿ ಮಾತ್ರ ಸರಿಯುವುದರಿಂದ ನಡುವೆ ಕೂತ ಆಕ್ಸಲ್ಲಿನ ಲೆಕ್ಕಕ್ಕೆ ಬರುವುದು ಅರ್ಧ ಮಾತ್ರ. ಶಾಕ್ ಅಬ್ಸಾರ್ಬರ್ ಹಳೆಯದೇ ಸಾಕೆಂದೆ. ಮೆಕ್ಯಾನಿಕ್ ತಲೆ ಕೆರೆದುಕೊಂಡು ಸುಮ್ಮನಾದರು. ಚಕ್ರಕ್ಕೆ ಹೋಗುವ ಬ್ರೇಕಿನ ರಬ್ಬರ್ ಹೋಸಿನ ಮಾತು ಬಂದಾಗ ಮಾತ್ರ, "ಅಮ್ಮಾ, ಗಾಡಿ ಮೇಲೆ ಹೋದರೆ ಇದು ಎಳೆದು ಹರಿಯುತ್ತದೆ. ಇದರಲ್ಲಿ ಚೌಕಾಸಿ ಬೇಡ" ಎಂದರು. ಅಲ್ಲಿ ನಾನು ಸೋತೆ.

ತಮಾಷೆಯೆಂದರೆ, ಇಷ್ಟೆಲ್ಲ ಮಾಡಿದರೂ ಆಕ್ಸಲ್ಲಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಹಲ್ಲುಚಕ್ರಗಳ ಪೆಟ್ಟಿಗೆ ನೆಲದಿಂದ ಎಷ್ಟಿತ್ತೋ ಅಷ್ಟೇ ಇರುತ್ತದೆ. ಅದು ಮೇಲೇಳಬೇಕಾದರೆ ದೊಡ್ಡ ಟೈರೇ ಬೇಕು. ಏರುವುದು ಮೈ ಮಾತ್ರ. ಆದರೂ ಜೂನ್ ತಿಂಗಳ ಮಳೆಯಲ್ಲಿ ಜೀಪಿನ ಹೊಟ್ಟೆ ದಿಬ್ಬ ಮುಟ್ಟದೆ ಬಂದಾಗ ಮನೆಯಲ್ಲಿ ಹಬ್ಬ. ಟಾರು ರಸ್ತೆಯಲ್ಲಿ ಸ್ಟೇರಿಂಗ್ ಸ್ವಲ್ಪ ಅತ್ತಿತ್ತ ಅಲೆಯುತ್ತದೆ, ತಿರುವಿನಲ್ಲಿ ಹುಷಾರಾಗಿರಬೇಕು ಎಂದು ಮಗ ಹೇಳಿದ. ಅವನ ಕೈಗೆ ಅದು ಬೇಗ ಅಭ್ಯಾಸವಾಯಿತು. ಮುಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂರುವುದು ನನಗೂ ಅಭ್ಯಾಸವಾಯಿತು.

ನವೆಂಬರಿನಲ್ಲಿ ಅಡಿಕೆ ಕೊಯ್ಲು ಶುರುವಾಯಿತು. ಸುಲಿಯಲು ಬರುವ ಹೆಂಗಸರನ್ನು ಜೀಪಿನಲ್ಲೇ ಕರೆತರುವುದು. ಅವರಲ್ಲಿ ಹಿರಿಯಳು ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೆ ಬರುತ್ತಿರುವವಳು. ಹಿಂದಿನ ಬಾಗಿಲಲ್ಲಿ ಕಾಲೆತ್ತಿದಳು, ಆಗಲಿಲ್ಲ. ಸೀರೆ ಮೊಣಕಾಲಿಗೆ ಸರಿಸಿ ಮತ್ತೆ ಎತ್ತಿದಳು, ಆಗಲಿಲ್ಲ. ಇಬ್ಬರು ಹಿಂದಿನಿಂದ ತಳ್ಳಿ ಹತ್ತಿಸಿದರು. ಎಲ್ಲರೂ ನಕ್ಕರು, ಅವಳೂ ನಕ್ಕಳು, ಮುಖ ಮಾತ್ರ ಕೆಂಪಾಗಿತ್ತು. ಜೀಪಿನ ವಂಶವೇ ಹಾಗೆ. 1941ರ ಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ್ದು, ಬೂಟು ತೊಟ್ಟ ಗಂಡಸರು ಹಾರಿ ಕೂರಲೆಂದು. ಗ್ಯಾರೇಜಿನಲ್ಲಿ ಎಲ್ಲವನ್ನೂ ಅಳೆದ ನಾವು ಆ ಮೆಟ್ಟಿಲೊಂದನ್ನು ಅಳೆದಿರಲಿಲ್ಲ.

ಆ ಸಂಜೆ ಅವರನ್ನು ಬಿಡಲು ಹೋಗುವಾಗ ನಾನೂ ಇದ್ದೆ. ಒಂದು ಕಡೆ ದಾರಿ ಗದ್ದೆಯ ಕಡೆಗೆ ಇಳಿಜಾರು. ಜೀಪು ವಾಲಿತು, ವಾಲಿದ್ದು ಒಂದು ಕ್ಷಣ ಹಾಗೇ ನಿಂತಿತು. ಹಿಂದೆ ಎದುರುಬದುರು ಕೂತವರು ಒಬ್ಬರ ಮೇಲೊಬ್ಬರು ಬಿದ್ದರು, ಬುತ್ತಿ ಪಾತ್ರೆ ಉರುಳಿತು. ಆಮೇಲೆ ಸರಿಯಾಯಿತು. ಅಷ್ಟೇ, ಏನೂ ಆಗಲಿಲ್ಲ. ಇಳಿಯುವಾಗ ಆ ಹಿರಿಯಳು ಕೇಳಿದಳು: "ಅಮ್ಮಾ, ಮೊದಲು ಹೀಗೆ ವಾಲ್ತಿರ್ಲಿಲ್ಲ. ಎಂತ ಮಾಡ್ಸಿದ್ರಿ ಇದಕ್ಕೆ?"

"ರಸ್ತೆ ಸರಿ ಇಲ್ಲ ಮಾರಾಯ್ತಿ" ಎಂದೆ.

ನಿದ್ದೆ ಕೆಡಿಸಿದ್ದು ಈ ನಾಲ್ಕು ಮಾತು. ಗಾಡಿಯ ಭಾರ ಮೇಲೇರಿದರೆ ವಾಲುವುದು ಹೆಚ್ಚು, ಉದ್ದನೆಯ ಶ್ಯಾಕಲ್ಲು ಅಡ್ಡಕ್ಕೆ ಅಲುಗುವುದೂ ಹೆಚ್ಚು. ಇದು ಮಗನಿಗೆ ಗೊತ್ತು, ನನಗೆ ಗೊತ್ತು. ಗೊತ್ತಿದ್ದು ಕೂತವರು ನಾವಿಬ್ಬರು. ಹಿಂದೆ ಕೂತವರಿಗೆ ಗೊತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ 37 ಸಾವಿರ ಉಳಿತಾಯವೆಂದು ಬರೆದಿದ್ದೆ. ಅದರಲ್ಲಿ ಒಂದು ಪಾಲು ಖರ್ಚು ಬೇರೆಯವರ ಮೈಮೇಲೆ ಹೋಗಿ ಕೂತಿತ್ತು, ಅದನ್ನು ಯಾವ ಕಾಲಂನಲ್ಲಿ ಬರೆಯುವುದು?

ಇವರ ವಾದ ಬೇರೆ. "ಜೀಪಿಲ್ಲದಿದ್ದರೆ ನಡೆದು ಬರುತ್ತಿದ್ದರು. ಬಸ್ಸಿನವನು ನಿನ್ನನ್ನು ಕೇಳಿ ಬ್ರೇಕ್ ಮಾಡಿಸುತ್ತಾನೆಯೇ?" ಸುಳ್ಳಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ, ತಯಾರಕರು ಹೇಳಿದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನೂ ನಾನು ಎತ್ತಿದೆ. "ಕುಸಿದ ಪ್ಲೇಟನ್ನು ಮೊದಲಿನಂತೆ ಮಾಡುವುದು ರಿಪೇರಿ" ಎಂದರು. ಅದೂ ಸರಿಯೇ. ಹಾಗಾದರೆ ಒಂದೂವರೆ ಇಂಚು ರಿಪೇರಿ, ಮಿಕ್ಕ ಒಂದು ಇಂಚು ನಮ್ಮ ಆಸೆ. ಆದರೆ ನಿಜ ಹೇಳಬೇಕೆಂದರೆ ನನ್ನನ್ನು ಚುಚ್ಚಿದ್ದು ಕಾನೂನಲ್ಲ. ಅವಳು ನೇರವಾಗಿ ಕೇಳಿದಾಗ ನಾನು ರಸ್ತೆಯ ಮೇಲೆ ಹಾಕಿದೆ.

ನಾಲ್ಕು ದಿನ ಬಿಟ್ಟು, ಅಂಗಳದಲ್ಲಿ ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹೇಳಿದರೆ ಹಗುರಾಗುತ್ತೇನೆಂದು ಎಣಿಸಿದ್ದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡು, "ಹಂಗಾದ್ರೆ ನಾಳೆಯಿಂದ ನಡ್ಕೊಂಡೇ ಬರ್ಬೇಕಾ ಅಮ್ಮಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ತಿಳಿಸಿದ ಮಾತ್ರಕ್ಕೆ ಅವಳಿಗೆ ಆಯ್ಕೆ ಕೊಟ್ಟಂತಾಗುತ್ತದೆಂದು ನಾನು ಹೇಗೆ ತಿಳಿದೆನೋ! ಅವಳ ಮುಂದಿದ್ದದ್ದು ನಮ್ಮ ಜೀಪು, ಇಲ್ಲವೇ ಅವಳ ನೋಯುವ ಮಂಡಿ.

ಮರುದಿನವೇ ಕೊಯ್ಲಿನ ನಡುವೆ ಗಾಡಿ ಗ್ಯಾರೇಜಿಗೆ ಹೋಯಿತು. ಹಳೆಯ ಶ್ಯಾಕಲ್ ವಾಪಸು ಹಾಕಿಸಿದೆವು, ಹೊಸ ಶಾಕ್ ಅಬ್ಸಾರ್ಬರ್ ಕೊಂಡೆವು, ಹಿಂದೆ ಒಂದು ಕಬ್ಬಿಣದ ಮೆಟ್ಟಿಲು ಬೆಸುಗೆ ಹಾಕಿಸಿದೆವು. ಎರಡು ದಿನ ಹೆಂಗಸರು ನಡೆದೇ ಬಂದರು, ಆ ಎರಡು ದಿನ ಅಡಿಕೆ ಸ್ವಲ್ಪ ಉಳಿಯಿತು. ಮೂರನೆಯ ದಿನ ಅವಳನ್ನು ಮುಂದೆ ಕೂರಿಸಿ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಹುಡ್ಡಿನ ಕಂಬಿ ಕೈಗೆ ಸರಿಯಾಗಿ ಎಟಕುವುದಿಲ್ಲ, ಮುಂದಿನ ದಾರಿ ಕಾಣಿಸುವುದಿಲ್ಲ. ಅರ್ಧ ದಾರಿಯಲ್ಲಿ ಜೀಪಿನ ಹೊಟ್ಟೆ ದಿಬ್ಬಕ್ಕೆ ಉಜ್ಜಿ 'ಕರ್' ಎಂದಿತು.