ದಾದಿಯ ಕಾಯಕ, ಊರಿನ ಋಣ

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳು. ಕಾಯಕಕ್ಕೆ ಮೀರಿದುದನ್ನು ಪಡೆಯಲಾಗದು ಎಂಬುದು ಈ ಪ್ರಸಂಗದ ಒಂದು ಮುಖ. ಕಾಯಕಕ್ಕೆ ಸಲ್ಲಬೇಕಾದುದನ್ನು ತಡೆಹಿಡಿಯಲೂ ಆಗದು ಎಂಬುದು ಇನ್ನೊಂದು ಮುಖ. ಸದ್ಭಕ್ತರು ಮೊದಲನೆಯದನ್ನು ಪರರಿಗೆ ಬೋಧಿಸಿ ಎರಡನೆಯದನ್ನು ಮರೆಯಬಾರದು.

ಮಂಡ್ಯ ತಾಲ್ಲೂಕಿನ ಹೊಳಲಿನಂತಹ ಗ್ರಾಮಗಳಲ್ಲಿ ಮನೆಮನೆಗೆ ನಡೆದುಬರುವ ದಾದಿಯನ್ನು ನೆನೆಯಿರಿ. ಬಯಲುಸೀಮೆಯಲ್ಲಿ ಒಂದು ಆರೋಗ್ಯ ಉಪಕೇಂದ್ರಕ್ಕೆ 5,000 ಜನರೆಂಬುದು ಸರ್ಕಾರದ ಲೆಕ್ಕ. ಗರ್ಭಿಣಿಯ ಆರೈಕೆ, ಶಿಶುವಿನ ಲಸಿಕೆ, ದಾಖಲೆಯ ಬರವಣಿಗೆ ಎಲ್ಲವೂ ಆಕೆಯ ಪಾಲಿಗೆ ಬರುತ್ತವೆ. 2014ರಲ್ಲಿ ಭಾರತವು ಪೋಲಿಯೋಮುಕ್ತವೆನಿಸಿದ್ದು ಇಂತಹ ಅಸಂಖ್ಯ ಕೈಗಳಿಂದ. ಆದರೆ ಬಂದ ರೋಗವನ್ನು ಕಳೆದವರನ್ನು ಹೊಗಳುವ ಲೋಕವು ರೋಗವೇ ಬಾರದಂತೆ ಕಾಯ್ದವರನ್ನು ಕಾಣದು.

ಸೇವೆಯಲ್ಲಿಯೇ ತೃಪ್ತಿಪಡು ಎಂದು ಆಕೆಗೆ ಹೇಳುವುದು ಸುಲಭ. ತೃಪ್ತಿಯು ಉಪದೇಶದಿಂದ ಹುಟ್ಟದು. ಸಕಾಲದ ವೇತನ, ಸಾಕಷ್ಟು ಔಷಧ, ನಿರ್ಭಯವಾದ ವಸತಿ ಇವು ಸರ್ಕಾರದ ಹೊಣೆ; ಗೌರವವು ಊರಿನ ಹೊಣೆ. ಆಕೆ ಬಾಗಿಲಿಗೆ ಬಂದಾಗ ಕುಲವನ್ನು ಕೇಳದೆ ಒಳಗೆ ಕರೆದು, ಬಾಯಾರಿಕೆಗೆ ನೀರು ಕೊಟ್ಟು, ಕೂಸನ್ನು ನಂಬಿಕೆಯಿಂದ ಆಕೆಯ ಕೈಗೆ ಒಪ್ಪಿಸಿರಿ. ಕಾಯಕವನ್ನು ಕೊಂಡಾಡುವವರು ಕಾಯಕ ಮಾಡುವವರನ್ನು ಆದರಿಸಿದಾಗಲೇ ಆ ಮಾತು ಸತ್ಯವಾಗುವುದು.